ವಿಜಯಪುರದಲ್ಲಿ ಎಲ್ಲರೂ ಕೂತು ತುಳಿಯುವ ಟೂರ್ ಗಾಡಿ ಶುರು ಮಾಡಬೇಕು, ಗೊತ್ತಿದ್ದವರು ಹೇಳಿ

ಸೈಕಲ್ ಅಂಗಡಿ, ವಿಜಯಪುರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಣ್ಣ ಮತ್ತು ನಾನು ಸೇರಿ ಸೈಕಲ್ ಅಂಗಡಿ ನಡೆಸುತ್ತೇವೆ. ರಿಪೇರಿ ಜಾಸ್ತಿ, ಮಾರಾಟ ಕಡಿಮೆ. ಈಗ ಒಂದು ಹೊಸ ಕೆಲಸ ತಲೆಯಲ್ಲಿದೆ. ಹೊರದೇಶದಲ್ಲಿ ಪಾರ್ಟಿ ಬೈಕ್ ಅಂತ ಓಡಿಸುತ್ತಾರಲ್ಲ, ನಾಲ್ಕು ಗಾಲಿಯ ದೊಡ್ಡ ಗಾಡಿ, ನಡುವೆ ಉದ್ದನೆಯ ಟೇಬಲ್, ಎರಡೂ ಕಡೆ ಸೀಟು, ಪ್ರತಿ ಸೀಟಿನ ಕೆಳಗೂ ಪೆಡಲ್. ಕೂತವರೆಲ್ಲ ತುಳಿಯುತ್ತಾರೆ, ಮುಂದೆ ಒಬ್ಬ ಡ್ರೈವರ್ ಸ್ಟೇರಿಂಗ್ ಮತ್ತು ಬ್ರೇಕ್ ನೋಡಿಕೊಳ್ಳುತ್ತಾನೆ. ಅಲ್ಲಿ ಬಿಯರ್ ಕುಡಿಯುತ್ತಾ ಹೋಗುತ್ತಾರೆ. ನನಗೆ ಬಿಯರ್ ಬೇಡವೇ ಬೇಡ. ಗೋಳಗುಮ್ಮಟದಿಂದ ಇಬ್ರಾಹಿಂ ರೋಜಾ ತನಕ ಊರು ತೋರಿಸುತ್ತಾ, ನಡುವೆ ಗಿರಮಿಟ್, ಮಿರ್ಚಿ, ಕಬ್ಬಿನ ಹಾಲು ಕೊಡಿಸುತ್ತಾ ಕರೆದುಕೊಂಡು ಹೋಗಬೇಕು ಅಂತ ಆಸೆ.

ಯಾಕೆ ಅಂದರೆ, ಇಲ್ಲಿಗೆ ಬಸ್ಸುಗಟ್ಟಲೆ ಜನ ಬರುತ್ತಾರೆ. ಗುಮ್ಮಟ ಹತ್ತುತ್ತಾರೆ, ಕೂಗಿ ನೋಡುತ್ತಾರೆ, ಇಳಿದು ಬಸ್ ಹತ್ತಿ ಬಾದಾಮಿ ಕಡೆಗೋ ಸೊಲ್ಲಾಪುರ ಕಡೆಗೋ ಹೋಗಿಬಿಡುತ್ತಾರೆ. ಬಾರಾ ಕಮಾನ್ ಎದುರು ನಿಂತು ನೋಡುವವರು ಎಷ್ಟು ಜನ? ತಾಜ್ ಬಾವಡಿ ಅಂತ ಒಂದು ದೊಡ್ಡ ಹಳೇ ಬಾವಿ ಇದೆ ಅನ್ನೋದೇ ಬಹಳ ಜನಕ್ಕೆ ಗೊತ್ತಿಲ್ಲ. ಊರೊಳಗೆ ಅವರು ನಾಲ್ಕು ಗಂಟೆ ಇದ್ದರೆ ಹೋಟೆಲಿನವರಿಗೂ ಕೆಲಸ, ನಮಗೂ ಕೆಲಸ.

ನನ್ನ ಕೈಲಿ ಸ್ವಲ್ಪ ಉಳಿತಾಯ ಇದೆ, ಉಳಿದದ್ದು ಸಾಲ. ಗಾಡಿ ಎಲ್ಲಿ ಮಾಡಿಸಬೇಕು? ಆರ್‌ಟಿಒ ಬೇಕಾಗುತ್ತದಾ? ಏರಿಗೆ ಸಹಾಯ ಆಗಲಿ ಅಂತ ಸಣ್ಣ ಮೋಟಾರ್ ಹಾಕಿದರೆ ನಡೆಯುತ್ತದಾ? ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಊರಿನಲ್ಲಿ ಇದು ಓಡುತ್ತದಾ? ಬೇಡ ಅನ್ನಿಸಿದರೆ ಬೇಡ ಅಂತಲೇ ಹೇಳಿ, ಬೇಜಾರಿಲ್ಲ.

ಉದ್ಯಮಬಾಗ್ ಫಿಟ್ಟರ್, ಬೆಳಗಾವಿ

ತಮ್ಮಾ, ಗಾಡಿ ಕಟ್ಟೋದು ಕಷ್ಟ ಅಲ್ಲ. ಬೆಳಗಾವಿ ಉದ್ಯಮಬಾಗ್‌ನಲ್ಲಿ ಲೇತ್, ವೆಲ್ಡಿಂಗ್, ಫೌಂಡ್ರಿ ಎಲ್ಲ ಒಂದೇ ಕಡೆ ಸಿಗುತ್ತದೆ. ನಾನೂ ಅಲ್ಲೇ ಕೆಲಸ ಮಾಡುವವನು. ಆದರೆ ಮೊದಲು ತೂಕದ ಲೆಕ್ಕ ಹಾಕು, ಆಮೇಲೆ ಡಿಸೈನ್.

ಹತ್ತು ಜನ ತುಳಿಯುವ ಗಾಡಿ, ಮೇಲೆ ಚಾವಣಿ, ಟೇಬಲ್ ಎಲ್ಲ ಸೇರಿ ಸುಮಾರು 800 ಕೆಜಿ ಅಂತ ಇಟ್ಟುಕೋ. ಡ್ರೈವರ್ ಮತ್ತು ತುಳಿಯದ ಇನ್ನೊಬ್ಬರು ಸೇರಿ ಹನ್ನೆರಡು ಜನ ಕೂತರೆ ಇನ್ನೂ 800 ಕೆಜಿ ಹತ್ತಿರ. ಅಂದರೆ 1600 ಕೆಜಿ. ದಿನಾ ವ್ಯಾಯಾಮ ಮಾಡದ ಸಾಮಾನ್ಯ ಮನುಷ್ಯ ಬಿಡದೆ ತುಳಿದರೆ 75 ವ್ಯಾಟ್ ಕೊಡುತ್ತಾನೆ, ಗಟ್ಟಿಮುಟ್ಟಾದವನು 100. ಹತ್ತು ಜನಕ್ಕೆ 750 ವ್ಯಾಟ್. ಸಪಾಟು ಡಾಂಬರು ರಸ್ತೆಯಲ್ಲಿ ಗಂಟೆಗೆ 8 ಕಿ.ಮೀ. ಹೋಗಲಿಕ್ಕೆ 400 ವ್ಯಾಟ್‌ಗಿಂತ ಸ್ವಲ್ಪ ಜಾಸ್ತಿ ಸಾಕು. ಆರಾಮ. ಆದರೆ ನೂರು ಮೀಟರಿಗೆ ಮೂರು ಮೀಟರ್ ಏರು ಬಂತು ಅಂದರೆ ಅದೇ ಜನ ಅದೇ ಗಾಡಿಯನ್ನು ಗಂಟೆಗೆ 3-4 ಕಿ.ಮೀ. ವೇಗದಲ್ಲಿ ಮಾತ್ರ ಎಳೆಯಬಹುದು, ಪಕ್ಕದಲ್ಲಿ ನಡೆಯುವವರು ಮುಂದೆ ಹೋಗುತ್ತಾರೆ. ನಮ್ಮ ಬೆಳಗಾವಿಯ ಏರು ಇಳಿವಿನಲ್ಲಿ ನಾನು ಇದನ್ನು ಮಾಡು ಅನ್ನುತ್ತಿರಲಿಲ್ಲ. ನಿಮ್ಮ ಊರು ಹೆಚ್ಚು ಕಡಿಮೆ ಸಪಾಟು, ಅದಕ್ಕೇ ಬರೆಯುತ್ತಿದ್ದೇನೆ.

ಎರಡನೇ ಮಾತು ಡ್ರೈವ್. ಬಹಳ ಜನ ಗುಜರಿಯಿಂದ ವ್ಯಾನಿನ ಹಿಂದಿನ ಆಕ್ಸಲ್ ತಂದು ಕೂರಿಸೋಣ ಅಂತಾರೆ. ಬೇಡ. ಆ ಆಕ್ಸಲ್ ಒಳಗಿನ ಕ್ರೌನ್-ಪಿನಿಯನ್ ಗೇರ್ ಇರೋದು ಎಂಜಿನ್ನಿನ ವೇಗ ಇಳಿಸಲಿಕ್ಕೆ. ನಮ್ಮ ಕಾಲು ನಿಮಿಷಕ್ಕೆ 60 ಸುತ್ತು ತಿರುಗುತ್ತದೆ, ಅದನ್ನು ಚೈನಿನಿಂದ ಏರಿಸಿ, ಮತ್ತೆ ಆಕ್ಸಲ್ ಒಳಗೆ ಇಳಿಸಿದರೆ ಶಕ್ತಿ ಸುಮ್ನೆ ದಾರಿಯಲ್ಲೇ ಹೋಗುತ್ತದೆ. ಪೆಡಲ್‌ಗಳ ಚೈನೆಲ್ಲ ನಡುವಿನ ಒಂದು ಶಾಫ್ಟ್‌ಗೆ ಬರಲಿ, ಆ ಶಾಫ್ಟ್‌ನಿಂದ ಒಂದೇ ಹಿಂದಿನ ಗಾಲಿಗೆ ನೇರ ಚೈನ್ ಕೊಡು. ಈ ವೇಗಕ್ಕೆ ಒಂದು ಗಾಲಿ ಎಳೆದರೆ ಸಾಕು. ಪ್ರತಿ ಪೆಡಲ್‌ಗೂ ಬೇರೆ ಬೇರೆ ಫ್ರೀವೀಲ್ ಇರಲೇಬೇಕು. ಇಲ್ಲದಿದ್ದರೆ ಒಬ್ಬರು ತುಳಿಯೋದು ನಿಲ್ಲಿಸಿದರೂ ಪೆಡಲ್ ತಿರುಗುತ್ತಲೇ ಇರುತ್ತದೆ, ಮಗುವಿನ ಕಾಲೋ ಸೀರೆಯ ಸೆರಗೋ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಚೈನ್ ಎಲ್ಲದಕ್ಕೂ ಪೂರ್ತಿ ಕವರ್ ಹಾಕಿಸು.

ಇನ್ನು ಬ್ರೇಕ್. ಇದರಲ್ಲಿ ಒಂದು ರೂಪಾಯಿ ಉಳಿಸಬೇಡ. ಫ್ರೀವೀಲ್ ಇರೋದರಿಂದ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿಯಲಿಕ್ಕೆ ಬ್ರೇಕ್ ಬಿಟ್ಟರೆ ಬೇರೆ ಏನೂ ಇಲ್ಲ. ಸೈಕಲ್ ಬ್ರೇಕ್ ಇಲ್ಲಿ ಯಾವ ಕೆಲಸಕ್ಕೂ ಬಾರದು. ನಾಲ್ಕೂ ಗಾಲಿಗೆ ಕಾರಿನ ಹೈಡ್ರಾಲಿಕ್ ಬ್ರೇಕ್, ಕಾಲಿನ ಪೆಡಲ್, ಮಾಸ್ಟರ್ ಸಿಲಿಂಡರ್ ಹೊಸದು. ಅದಕ್ಕೆ ಸಂಬಂಧವೇ ಇಲ್ಲದ ಹಾಗೆ ಹಿಂದಿನ ಗಾಲಿಗೆ ಕೇಬಲ್ ಹ್ಯಾಂಡ್‌ಬ್ರೇಕ್. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯಬೇಕು. ಪೂರ್ತಿ ಜನದಷ್ಟು ತೂಕದ ಮರಳಿನ ಚೀಲ ಹೇರಿ ಇಳಿಜಾರಿನಲ್ಲಿ ಪರೀಕ್ಷೆ ಮಾಡಿ, ಆಮೇಲೇ ಮನುಷ್ಯರನ್ನು ಕೂರಿಸು.

ನನ್ನನ್ನು ಕೇಳಿದರೆ ಮೊದಲ ಗಾಡಿ ಹತ್ತು ಪೆಡಲ್‌ದು ಬೇಡ, ಆರು ಪೆಡಲ್ ಸಾಕು, ತುಳಿಯಲಾಗದ ಹಿರಿಯರಿಗೆ ಎರಡು ಸೀಟು ಬೇರೆ. ಹೊಸ ಪೈಪು, ಒಳ್ಳೆ ಬೇರಿಂಗ್ ಹಾಕಿ ಮೂರು ಲಕ್ಷದ ಆಸುಪಾಸಿನಲ್ಲಿ ಆಗಬಹುದು ಅಂತ ನನ್ನ ಅಂದಾಜು.

ಕೋರ್ಟ್ ರಸ್ತೆ ವಕೀಲೆ

ಆರ್‌ಟಿಒ ಬಗ್ಗೆ ನಾನು ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 2(28) ಪ್ರಕಾರ ಯಂತ್ರದ ಶಕ್ತಿಯಿಂದ ಓಡುವುದು ಮೋಟಾರು ವಾಹನ. ಬರೀ ಕಾಲಿನಿಂದ ತುಳಿಯುವ ಗಾಡಿ ಅದರೊಳಗೆ ಬರುವುದಿಲ್ಲ. ಹಾಗಾಗಿ ನೋಂದಣಿ, ಪರ್ಮಿಟ್, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ) ಪ್ರಶ್ನೆ ಏಳುವುದಿಲ್ಲ. ಮೋಟಾರ್ ಹಾಕಿದಿರೋ, ಅಲ್ಲಿಗೆ ಎಲ್ಲ ಬದಲಾಯಿತು. ಬ್ಯಾಟರಿ ಸೈಕಲ್‌ಗೆ ಇರುವ 250 ವ್ಯಾಟ್, 25 ಕಿ.ಮೀ. ವೇಗದ ರಿಯಾಯಿತಿ ಎರಡು ಗಾಲಿಯ ವಾಹನಕ್ಕೆ ಮಾತ್ರ. ಇ-ರಿಕ್ಷಾ ನಿಯಮ ಮೂರು ಗಾಲಿಗೆ, ಅದರಲ್ಲೂ ಡ್ರೈವರ್ ಬಿಟ್ಟು ನಾಲ್ಕೇ ಪ್ರಯಾಣಿಕರು. ನಿಮ್ಮ ನಾಲ್ಕು ಗಾಲಿಯ ಎಂಟು ಜನರ ಗಾಡಿ ಇವೆರಡರಲ್ಲೂ ಕೂರುವುದಿಲ್ಲ. ಮಾದರಿಗೆ ಅನುಮೋದನೆ ಪಡೆಯದ, ವರ್ಕ್‌ಶಾಪಿನಲ್ಲಿ ಕಟ್ಟಿದ ಮೋಟಾರ್ ಗಾಡಿಗೆ ನೋಂದಣಿ ಸಿಗುವುದಿಲ್ಲ, ನೋಂದಣಿ ಇಲ್ಲದೆ ಜನರನ್ನು ಕೂರಿಸಿಕೊಂಡು ಹೋಗಿ ಅಪಘಾತ ಆದರೆ ಮನೆ ಮಠ ಮಾರಿದರೂ ಸಾಲುವುದಿಲ್ಲ. ಮೋಟಾರ್ ಬೇಡ ಅಂತ ಈಗಲೇ ತೀರ್ಮಾನ ಮಾಡಿ.

ಆರ್‌ಟಿಒ ಬೇಡ ಅಂದ ಮಾತ್ರಕ್ಕೆ ಯಾರನ್ನೂ ಕೇಳದೆ ರಸ್ತೆಗೆ ಇಳಿಸಬಹುದು ಅಂತ ಅಲ್ಲ. ಸಂಚಾರ ನಿಯಂತ್ರಣದ ಅಧಿಕಾರ ಜಿಲ್ಲಾಡಳಿತ ಮತ್ತು ಪೊಲೀಸರ ಕೈಯಲ್ಲಿದೆ. ಗಾಡಿಯ ಅಳತೆ, ಫೋಟೋ, ಮಾರ್ಗದ ನಕ್ಷೆ, ಸಮಯ ಎಲ್ಲ ಹಾಕಿ ಸಂಚಾರ ಪೊಲೀಸರಿಗೂ ಜಿಲ್ಲಾಧಿಕಾರಿ ಕಚೇರಿಗೂ ಅರ್ಜಿ ಕೊಡಿ, ಪಾಲಿಕೆಯಿಂದ ಟ್ರೇಡ್ ಲೈಸೆನ್ಸ್ ತೆಗೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ನಂಬಬೇಡಿ, ಅಧಿಕಾರಿ ವರ್ಗ ಆದ ಮರುದಿನ ಅದಕ್ಕೆ ಬೆಲೆ ಇರುವುದಿಲ್ಲ.

ಸ್ಮಾರಕಗಳ ಹತ್ತಿರ ಶೆಡ್ಡು, ಟಿಕೆಟ್ ಡಬ್ಬಿ ಅಂತ ಏನೂ ಕಟ್ಟಲು ಹೋಗಬೇಡಿ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲೂ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. ಗಾಡಿ ನಿಮ್ಮ ಅಂಗಡಿಯಲ್ಲೇ ನಿಲ್ಲಲಿ.

ವಿಮೆ ಬಗ್ಗೆ ನೀವು ಕೇಳಲೇ ಇಲ್ಲ, ಆದರೆ ಅದೇ ಮುಖ್ಯ. ಮೋಟಾರು ವಾಹನ ಅಲ್ಲದ್ದರಿಂದ ಮಾಮೂಲಿ ಥರ್ಡ್ ಪಾರ್ಟಿ ಪಾಲಿಸಿ ನಿಮಗೆ ಸಿಗುವುದಿಲ್ಲ. ಸಾರ್ವಜನಿಕ ಹೊಣೆಗಾರಿಕೆ ಪಾಲಿಸಿ ಮತ್ತು ಕೂತವರಿಗೆ ಗುಂಪು ಅಪಘಾತ ವಿಮೆ, ಎರಡನ್ನೂ ಕೇಳಿ. ಯಾವ ಗಾಡಿ, ಹೇಗೆ ಓಡುತ್ತದೆ ಅನ್ನುವುದನ್ನು ಪ್ರಸ್ತಾವನೆಯಲ್ಲೇ ಪೂರ್ತಿ ಬರೆಯಿಸಿ, ಏನನ್ನೂ ಮುಚ್ಚಿಡಬೇಡಿ. ಪಾಲಿಸಿ ಕೈಗೆ ಬರುವ ತನಕ ಪಕ್ಕದ ಮನೆಯವರನ್ನೂ ಕೂರಿಸಬೇಡಿ.

ಕಾಲುವೆ ದಂಡೆಯವಳು, ನೆದರ್ಲ್ಯಾಂಡ್ಸ್

ನಾನು ಬೆಳಗಾವಿಯವಳು, ಈಗ ಇಲ್ಲಿ ನೆದರ್ಲ್ಯಾಂಡ್ಸ್‌ನಲ್ಲಿ ಕೆಲಸ. ಈ ಗಾಡಿ ಹುಟ್ಟಿದ್ದೇ ಈ ದೇಶದಲ್ಲಿ, 1990ರ ದಶಕದ ಕೊನೆಯಲ್ಲಿ. ಇಲ್ಲಿ ಅದಕ್ಕೆ ಫೀಟ್ಸ್‌ಕೆಫೆ ಅಂತಾರೆ. ಆಮೇಲೆ ಅಮೆರಿಕಕ್ಕೆ ಹೋಯಿತು, ಮಿನಿಯಾಪೊಲಿಸ್, ನ್ಯಾಶ್‌ವಿಲ್ ಎಲ್ಲ ಕಡೆ ಹಬ್ಬಿತು. ಆದರೆ ಆಮ್‌ಸ್ಟರ್‌ಡ್ಯಾಮ್ ನಗರದ ನಡುಭಾಗದಲ್ಲಿ 2017ರ ನವೆಂಬರ್‌ನಿಂದ ಇದಕ್ಕೆ ನಿಷೇಧ. ನಡೆಸುವವರು ಕೋರ್ಟಿಗೆ ಹೋದರು, ಕೋರ್ಟು ನಗರದ ಪರವಾಗಿ ಹೇಳಿತು. ಕಾರಣ ಗಾಡಿ ಅಲ್ಲ. ಕುಡಿದು ಕಿರುಚುವುದು, ಎಲ್ಲೆಂದರಲ್ಲಿ ಮೂತ್ರ ಮಾಡುವುದು, ಸಣ್ಣ ರಸ್ತೆಗಳಲ್ಲಿ ಹಿಂದಿನವರನ್ನು ತಡೆಯುವುದು. ಅಲ್ಲಿ ವಾಸ ಮಾಡುವ ಜನ ರೋಸಿಹೋಗಿದ್ದರು. ಜರ್ಮನಿಯಲ್ಲೂ 2012ರಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಡುಸೆಲ್ಡಾರ್ಫ್‌ನ ಒಂದು ಪ್ರಕರಣದಲ್ಲಿ, ಇದು ಪ್ರಯಾಣಕ್ಕಿಂತ ಹೆಚ್ಚಾಗಿ ರಸ್ತೆ ಮೇಲಿನ ಪಾರ್ಟಿ, ಹಾಗಾಗಿ ವಿಶೇಷ ಅನುಮತಿ ಬೇಕು ಅಂತ ಹೇಳಿತು.

ನೀವು ಬಿಯರ್ ಬೇಡ ಅಂದಿದ್ದು ಬಹಳ ಒಳ್ಳೆಯದು. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಜಾಗದಲ್ಲಿ ಕುಡಿಯುವಂತೆಯೂ ಇಲ್ಲ ಅಲ್ವಾ. ಆದರೆ ಗಲಾಟೆ ಆಗಲಿಕ್ಕೆ ಬಿಯರೇ ಬೇಕು ಅಂತಿಲ್ಲ. ಕಾಲೇಜಿನ ಗುಂಪು ಕೂತರೆ ಮೊದಲು ಕೇಳುವುದು ಸ್ಪೀಕರ್. ಮನೆಗಳ ನಡುವೆ ಬೆಳಗಿನ ಹೊತ್ತು ಡಿಜೆ ಹಾಡು ಹಾಕಿದರೆ ಒಂದು ತಿಂಗಳಲ್ಲಿ ಓಣಿಯವರೇ ಅರ್ಜಿ ಕೊಡುತ್ತಾರೆ. ಸ್ಪೀಕರ್ ಹಾಕಿಸಲೇಬೇಡಿ. ಕೂತವರೇ ಹಾಡಿಕೊಳ್ಳಲಿ, ಅದು ಯಾರಿಗೂ ತೊಂದರೆ ಅಲ್ಲ.

ಸೈಕಲ್ ಅಂಗಡಿ, ವಿಜಯಪುರ

ಎಲ್ಲರಿಗೂ ಧನ್ಯವಾದ. ಫಿಟ್ಟರ್ ಅಣ್ಣಾರೆ, ಆರು ಪೆಡಲ್ ಮಾತು ಮನಸ್ಸಿಗೆ ಹಿಡಿಸಿತು. ವಕೀಲ ಅಕ್ಕಾರೆ, ಮೋಟಾರ್ ಕೈಬಿಟ್ಟೆ. ಅಕ್ಕಾರೆ, ಸ್ಪೀಕರ್ ಕೂಡ ಬೇಡ. ಈಗ ಮಾರ್ಗದ ಬಗ್ಗೆ ಯಾರಾದರೂ ಹೇಳಿ. ಗುಮ್ಮಟದಿಂದ ಎಂ.ಜಿ. ರಸ್ತೆ ಹಿಡಿದು ಗಾಂಧಿ ಚೌಕ ದಾಟಿ ನೇರ ಪಶ್ಚಿಮಕ್ಕೆ ಹೋಗೋಣ ಅಂತ ಇದ್ದೇನೆ.

ಟಾಂಗಾ ಮನೆಯವನು

ತಮ್ಮಾ, ನಿನ್ನ ಉತ್ಸಾಹ ನೋಡಿ ಸಂತೋಷ ಆಯಿತು, ಆದರೆ ಒಂದು ಮಾತು ಕೇಳಲೇಬೇಕು. ನಮ್ಮ ತಂದೆ, ಅಜ್ಜ ಇಬ್ಬರೂ ಇದೇ ಗುಮ್ಮಟದ ಎದುರು ಟಾಂಗಾ ಹೊಡೆದವರು. ಪ್ರವಾಸಿಗರನ್ನು ಊರೆಲ್ಲ ಸುತ್ತಿಸುವ ಕೆಲಸ ಇಲ್ಲಿ ಹೊಸದಲ್ಲ. ಆಟೊ ಬಂದಾಗ ಟಾಂಗಾದವರ ಹೊಟ್ಟೆಗೆ ಏಟು ಬಿತ್ತು. ಉಳಿದವರು ಕುದುರೆಗೆ ಹುಲ್ಲು, ಹುರುಳಿ ಹಾಕುವಷ್ಟು ಸಂಪಾದನೆ ಆಗಲಿ ಅಂತ ಬಿಸಿಲಲ್ಲಿ ಕಾಯುತ್ತಾರೆ. ಈಗ ನೀನು ಚಂದದ ಗಾಡಿ ತಂದು ಅದೇ ಗೇಟಿನ ಎದುರು ನಿಲ್ಲಿಸಿ ಗಿರಾಕಿ ಕರೆದರೆ ಅವರಿಗೆ ಹೇಗೆ ಅನ್ನಿಸುತ್ತದೆ?

ಬೇಡ ಅಂತ ಹೇಳುತ್ತಿಲ್ಲ. ಗೇಟಿನಲ್ಲಿ ನಿಂತು ಕರೆಯಬೇಡ, ಫೋನಿನಲ್ಲಿ ಮೊದಲೇ ಬುಕ್ ಮಾಡಿದವರನ್ನು ಮಾತ್ರ ಕೂರಿಸು. ಇನ್ನೊಂದು, ಟಾಂಗಾ ಹೊಡೆದವರಿಗೆ ಈ ಊರಿನ ಗಲ್ಲಿ ಗಲ್ಲಿ ಗೊತ್ತು, ಯಾವ ಕಮಾನಿನ ಕೆಳಗೆ ಎಷ್ಟು ಜಾಗ, ಎಲ್ಲಿ ನೆರಳು, ಎಲ್ಲಿ ಕುಡಿಯುವ ನೀರು ಎಲ್ಲ ಗೊತ್ತು. ನಿನ್ನ ಗಾಡಿಗೆ ಡ್ರೈವರ್ ಬೇಕಲ್ಲ, ಅವರಲ್ಲೇ ಒಬ್ಬರನ್ನು ತಿಂಗಳ ಸಂಬಳಕ್ಕೆ ಇಟ್ಟುಕೋ. ನಿಧಾನಕ್ಕೆ ಹೋಗುವ ಗಾಡಿಯನ್ನು ಗದ್ದಲದಲ್ಲಿ ಹೊಡೆಯುವ ತಾಳ್ಮೆ ಅವರಿಗೆ ಇರುವಷ್ಟು ಬೇರೆಯವರಿಗೆ ಇಲ್ಲ. ಹಿಂದೆ ಎಷ್ಟು ಹಾರ್ನ್ ಹೊಡೆದರೂ ಅವರು ತಲೆ ಕೆಡಿಸಿಕೊಳ್ಳುವುದಿಲ್ಲ. ಮಾತಾಡಿಸಬೇಕು ಅಂದರೆ ನಾನು ಜೊತೆಗೆ ಬರುತ್ತೇನೆ.

ಕೋಟೆಗೋಡೆ

ನಾನು ಪ್ರವಾಸಿಗರಿಗೆ ಊರು ತೋರಿಸುವ ಕೆಲಸ ಮಾಡುತ್ತೇನೆ, ಮಾರ್ಗ ನಾನು ಹೇಳುತ್ತೇನೆ. ಎಂ.ಜಿ. ರಸ್ತೆ ಸಂಜೆ ಹೊತ್ತು ಮರೆತುಬಿಡಿ. ಗಾಂಧಿ ಚೌಕದಲ್ಲಿ ಬೈಕ್ ತಳ್ಳಿಕೊಂಡು ಹೋಗೋದೇ ಕಷ್ಟ, ನಿಮ್ಮ ಗಾಡಿ ಅಲ್ಲಿ ಸಿಕ್ಕಿಕೊಂಡರೆ ಊರೆಲ್ಲ ಬೈಯುತ್ತದೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ನಡೆಯುವ ದಿನಗಳಲ್ಲಂತೂ ಗಾಡಿ ಹೊರಗೆ ತೆಗೆಯಲೇಬೇಡಿ.

ಬೆಳಿಗ್ಗೆ ಆರಕ್ಕೆ ಗೋಳಗುಮ್ಮಟದಲ್ಲಿ ಇರಬೇಕು. ಇದು ಬರೀ ಬಿಸಿಲಿನ ಮಾತಲ್ಲ. 1656ರಲ್ಲಿ ಮುಗಿದ ಕಟ್ಟಡ, ಹೊರಗಿನಿಂದ 44 ಮೀಟರ್ ಅಗಲದ ಗುಮ್ಮಟ. ಆ ಪಿಸುಗುಟ್ಟುವ ಗ್ಯಾಲರಿಯ ನಿಜವಾದ ಸೊಗಸು ಗೊತ್ತಾಗೋದು ಜನ ಇಲ್ಲದಾಗ ಮಾತ್ರ. ಹತ್ತು ಗಂಟೆಗೆ ಹೋದರೆ ಶಾಲಾ ಮಕ್ಕಳ ಕೂಗಾಟ ಬಿಟ್ಟರೆ ಏನೂ ಕೇಳುವುದಿಲ್ಲ. ಬೆಳಿಗ್ಗೆ ಒಬ್ಬರು ಈ ಗೋಡೆಗೆ ಮುಖ ಮಾಡಿ ಮೆಲ್ಲಗೆ ಹೆಸರು ಹೇಳಲಿ, ಎದುರಿನ ಗೋಡೆಯಲ್ಲಿ ಕೂತವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಇದನ್ನು ಅನುಭವಿಸಿದ ಮೇಲೆ ಜನ ನಿಮ್ಮ ಉಳಿದ ಮಾತನ್ನೂ ಗಮನ ಕೊಟ್ಟು ಕೇಳುತ್ತಾರೆ. ಅಲ್ಲಿನ ಮ್ಯೂಸಿಯಂಗೆ ಶುಕ್ರವಾರ ರಜೆ, ಬುಕಿಂಗ್ ಮಾಡುವಾಗಲೇ ತಿಳಿಸಿ.

ಏಳೂವರೆಗೆ ಗಾಡಿ ಹತ್ತಿಸಿ. ಅಂಗಡಿಗಳು ಇನ್ನೂ ಬಾಗಿಲು ತೆರೆದಿರುವುದಿಲ್ಲ. ಗಗನ ಮಹಲ್ ನೋಡಿ ಬಾರಾ ಕಮಾನ್‌ಗೆ ಬನ್ನಿ. ಎರಡನೇ ಅಲಿ ಆದಿಲ್ ಶಾಹ್‌ನ ಗೋರಿ, ಪೂರ್ತಿಯಾಗದೆ ನಿಂತ ಕಮಾನುಗಳು. ಅಲ್ಲಿ ಹುಲ್ಲಿನ ಮೇಲೆ ಕೂತು ತಿಂಡಿ ತಿನ್ನಿಸಬೇಡಿ, ಸ್ಮಾರಕದ ಒಳಗೆ ತಿನ್ನುವುದು ಬೇಡ, ಕಸ ನಿಮ್ಮ ಹೆಸರಿಗೆ ಬರುತ್ತದೆ. ತಿಂಡಿಗೆ ಯಾವುದಾದರೂ ಒಂದು ಖಾನಾವಳಿ ಜೊತೆ ಮಾತಾಡಿಕೊಳ್ಳಿ. ಅಲ್ಲೇ ಶೌಚಾಲಯವೂ ಇರಬೇಕು, ಹೆಣ್ಣುಮಕ್ಕಳು ಬರುವ ಟೂರಿಗೆ ಇದಿಲ್ಲದಿದ್ದರೆ ಯಾರೂ ಎರಡನೇ ಸಲ ಬರುವುದಿಲ್ಲ.

ಆಮೇಲೆ ಉಪ್ಪಲಿ ಬುರುಜ್, ಅಲ್ಲಿಂದ ಮಲಿಕ್-ಎ-ಮೈದಾನ್ ತೋಪು, ಎರಡೂ ಹತ್ತಿರ ಹತ್ತಿರ. ತೋಪು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಇಲ್ಲಿ ನಿಮ್ಮ ಗಾಡಿಗೆ ಒಂದು ಅದ್ಭುತ ಅವಕಾಶ ಇದೆ ನೋಡಿ. ಒಂದು ಟನ್ ಗಾಡಿಯನ್ನು ಈಗಷ್ಟೇ ತುಳಿದು ಬಂದ ಜನಕ್ಕೆ, ಅದರ ಐವತ್ತೈದು ಪಟ್ಟು ತೂಕದ ತೋಪನ್ನು ಆ ಕಾಲದಲ್ಲಿ ಅಷ್ಟು ದೂರದಿಂದ ಎಳೆದು ತಂದರು ಅಂತ ಹೇಳಿ. ಬಸ್ಸಿನಲ್ಲಿ ಬಂದವರಿಗೆ ಈ ಮಾತು ಮೈಗೆ ಹತ್ತುವುದಿಲ್ಲ, ತೊಡೆ ನೋಯುತ್ತಿರುವವರಿಗೆ ಹತ್ತುತ್ತದೆ. ಕೊನೆಗೆ ತಾಜ್ ಬಾವಡಿ, ಇಬ್ರಾಹಿಂ ರೋಜಾ. ಬಾವಡಿ ಹತ್ತಿರ ಆದಿಲ್ ಶಾಹಿ ಕಾಲದ ನೀರಿನ ವ್ಯವಸ್ಥೆಯನ್ನು, ನೆಲದಡಿಯ ಕರೇಜ್ ಸುರಂಗಗಳ ಕಥೆಯನ್ನು ಬಿಡಿಸಿ ಹೇಳಲಿಕ್ಕೆ ಗೊತ್ತಿರುವವರು ಬೇಕು. ಒಟ್ಟು ದಾರಿ ಐದಾರು ಕಿ.ಮೀ. ಇರಬಹುದು, ನಿಂತು ನೋಡಿ ಹೋಗುವಾಗ ಹತ್ತೂವರೆ ಆಗುತ್ತದೆ. ಅಲ್ಲಿಂದ ಆಟೊದಲ್ಲಿ ವಾಪಸ್ ಕಳಿಸಿ, ಮತ್ತೆ ತುಳಿಸಬೇಡಿ. ಮಾರ್ಚ್‌ನಿಂದ ಮೇ ತನಕ ಬಂದ್ ಇಡಿ, 40 ಡಿಗ್ರಿ ಬಿಸಿಲಲ್ಲಿ ಯಾರಾದರೂ ಕುಸಿದು ಬಿದ್ದರೆ ಯಾವ ಟೂರೂ ಬೇಡ ಅನ್ನಿಸುತ್ತದೆ.

ಲೆಕ್ಕದ ವಹಿ, ಬಾಗಲಕೋಟೆ

ದುಡ್ಡಿನ ಮಾತು ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ. ಅಕ್ಟೋಬರ್‌ನಿಂದ ಫೆಬ್ರುವರಿ, ಐದು ತಿಂಗಳು, 150 ದಿನ. ಎಂಟು ಸೀಟು ಇದ್ದರೂ ಸರಾಸರಿ ನಾಲ್ಕೇ ತುಂಬುತ್ತದೆ ಅಂತ ಲೆಕ್ಕ ಇಡಿ, ತಲೆಗೆ 250 ರೂಪಾಯಿ, ಬೆಳಿಗ್ಗೆ ಒಂದು, ಮಧ್ಯಾಹ್ನ ಮೂರೂವರೆಗೆ ಇನ್ನೊಂದು ಚಿಕ್ಕ ಸುತ್ತು. ದಿನಕ್ಕೆ 2000, ಸೀಸನ್ನಿಗೆ 3 ಲಕ್ಷ. ಡ್ರೈವರ್‌ಗೆ ತಿಂಗಳಿಗೆ 15,000 ಅಂದರೆ 75,000. ತಿಂಡಿಗೆ ತಲೆಗೆ 40 ರೂಪಾಯಿಯಂತೆ 48,000. ವಿಮೆ, ರಿಪೇರಿ, ಟೈರು, ಫೋನು ಸೇರಿ ಇನ್ನೊಂದು 50,000. ಉಳಿಯೋದು ಒಂದೂಕಾಲು ಲಕ್ಷದ ಹತ್ತಿರ, ಅದರಲ್ಲೇ ಸಾಲದ ಕಂತು. ಅಂದರೆ ಗಾಡಿಯ ದುಡ್ಡು ವಾಪಸ್ ಬರಲು ಮೂರನೇ ಸೀಸನ್ ತನಕ ಕಾಯಬೇಕು. ಅಂಗಡಿ ನಡೆಯುತ್ತಿರಲಿ, ಮನೆ ಖರ್ಚು ಅದರಿಂದಲೇ ಸಾಗಲಿ. ಇದನ್ನೇ ನಂಬಿ ಅಂಗಡಿ ಮುಚ್ಚಬೇಡಿ.

ಸಾಲಕ್ಕೆ ಮುದ್ರಾ ಯೋಜನೆಯ ಕಿಶೋರ ವಿಭಾಗ ನೋಡಿ, 50,000ದಿಂದ 5 ಲಕ್ಷದ ತನಕ, ಅಡಮಾನ ಬೇಡ. ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯಲ್ಲಿ ಸಬ್ಸಿಡಿ ಇದೆ, ನಗರದಲ್ಲಿ ಸಾಮಾನ್ಯ ವರ್ಗಕ್ಕೆ 15, ವಿಶೇಷ ವರ್ಗಕ್ಕೆ 25 ಪರ್ಸೆಂಟ್, ಆದರೆ ಅದು ಹೊಸ ಘಟಕಕ್ಕೆ ಮಾತ್ರ. ಈಗಿನ ಸೈಕಲ್ ಅಂಗಡಿಯ ವಿಸ್ತರಣೆ ಅಂತ ಬರೆದರೆ ಸಿಗುವುದಿಲ್ಲ. ವ್ಯವಹಾರ ವರ್ಷಕ್ಕೆ 20 ಲಕ್ಷದೊಳಗೆ ಇರುವ ತನಕ ಸೇವೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ. ವಾರದ ನಡುವಿನ ದಿನಗಳನ್ನು ತುಂಬಿಸಲಿಕ್ಕೆ ಊರಿನ ಜನರನ್ನೇ ಹಿಡಿಯಿರಿ. ಹುಟ್ಟುಹಬ್ಬ, ಶಾಲೆಯ ಪ್ರವಾಸ, ಹೊಸ ಮದುಮಕ್ಕಳ ಮನೆಯವರು. ಸೈಕಲ್ ಅಂದರೆ ಪ್ರಾಣ ಬಿಡುವ ಜಿಲ್ಲೆ ನಿಮ್ಮದು. ವಿಜಯಪುರ, ಬಾಗಲಕೋಟೆ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ರೇಸಿನಲ್ಲಿ ಪದಕ ತರುತ್ತಲೇ ಇದ್ದಾರೆ.

ಸೈಕಲ್ ಅಂಗಡಿ, ವಿಜಯಪುರ

ಇಷ್ಟು ಜನ ಇಷ್ಟು ಬಿಡಿಸಿ ಬರೆದಿದ್ದೀರಿ, ಎಲ್ಲವನ್ನೂ ಅಣ್ಣನಿಗೆ ಓದಿ ಹೇಳಿದೆ. ಆರು ಪೆಡಲ್ ಗಾಡಿ, ಬೆಳಗಿನ ಟೂರ್ ಮೊದಲು, ಮುಂಗಡ ಬುಕಿಂಗ್ ಮಾತ್ರ. ಟಾಂಗಾ ಅಣ್ಣಾರೆ, ಭಾನುವಾರ ಬರುತ್ತೇನೆ, ಹಿರಿಯರ ಜೊತೆ ಕೂತು ಮಾತಾಡೋಣ. ಅವರು ಒಪ್ಪದೆ ನಾನು ಅರ್ಜಿ ಕೊಡುವುದಿಲ್ಲ. ಫಿಟ್ಟರ್ ಅಣ್ಣಾರೆ, ಒಂದೇ ಪ್ರಶ್ನೆ ಉಳಿದಿದೆ, ಗಾಡಿ ಅಗಲ ಎಷ್ಟು ಇಡಬೇಕು?

ಉದ್ಯಮಬಾಗ್ ಫಿಟ್ಟರ್, ಬೆಳಗಾವಿ

ಅದನ್ನು ನಾನು ಇಲ್ಲಿ ಕೂತು ಹೇಳಲಾರೆ ತಮ್ಮಾ. ಟೇಪು ತೆಗೆದುಕೊಂಡು ನಿನ್ನ ದಾರಿಯಲ್ಲಿ ಅತಿ ಇಕ್ಕಟ್ಟಾದ ಜಾಗ ಎಲ್ಲಿದೆ ಅಳೆ, ಕೋಟೆ ಬಾಗಿಲು, ಓಣಿ ತಿರುವು, ಕರೆಂಟ್ ಕಂಬ ಎಲ್ಲ. ತಿರುವಿನ ಫೋಟೋ ಕೂಡ ತೆಗಿ. ಎರಡೂ ಕಡೆ ಕೂತವರ ಮೊಣಕೈ ಹೊರಗೆ ಬರುತ್ತದೆ, ಅದಕ್ಕೆ ಒಂದೊಂದು ಅಡಿ ಬಿಟ್ಟು ಉಳಿದದ್ದು ಗಾಡಿಯ ಅಗಲ. ಅಳತೆ ಕಳಿಸು, ಚಾಸಿಯ ಡ್ರಾಯಿಂಗ್ ಮಾಡಿಕೊಡುತ್ತೇನೆ, ಅದಕ್ಕೆ ದುಡ್ಡು ಬೇಡ.